ಬೆಳಗಿದ ಅರವತ್ತೊಂದು ನಾಣ್ಯ

ಶ್ರೀ ಗುರುಲಿಂಗಜಂಗಮಾಯ ನಮಃ
ಠಾಣಾ ಕುಶನೂರ, ತಾಲೂಕು ಔರಾದ
ಫಸಲಿ ೧೩೨೬, ಶ್ರಾವಣ ಶುದ್ಧ ಚತುರ್ಥಿ, ಸೋಮವಾರ

ತೀರ್ಥರೂಪ ಸಮಾನರಾದ ಮಾಧವರಾಯ ಮಾಸ್ತರರಿಗೆ ಅನುಸೂಯಾಬಾಯಿಯ ಶರಣು.

ಇಂದು ಶ್ರಾವಣದ ಮೊದಲ ಸೋಮವಾರ, ಉಪವಾಸ ಇದ್ದೇನೆ. ನಸುಕಿನಲ್ಲೇ ಎದ್ದು ಅಂಗಳ ಸಾರಿಸಿ, ಎಮ್ಮೆ ಹಿಂಡಿ, ನಾಲ್ಕು ಕೊಡ ನೀರು ತಂದು, ಲಿಂಗಪೂಜೆಗೆ ಕುಳಿತೆ. ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗ, ಕಣ್ಣು ಬಾಗಿಲ ಕಡೆ. ಬಿಲ್ವಪತ್ರೆಯ ಎಣಿಕೆ ಮೂರು ಸಲ ತಪ್ಪಿತು. ಎದ್ದು ನಿಮಗೆ ಬರೆಯಲು ಕುಳಿತೆ.

ನನ್ನ ಗುರುತು ಹತ್ತಲಿಕ್ಕಿಲ್ಲ. ನೀವು ಸಂತಪುರದ ಶಾಲೆಗೆ ಹೊಸದಾಗಿ ಬಂದಾಗ, ಹುಡುಗರ ಹಿಂದೆ ಗೋಡೆಗೆ ಆತು ಕೂಡುತ್ತಿದ್ದ ಇಬ್ಬರು ಹುಡುಗಿಯರಲ್ಲಿ ನಾನೊಬ್ಬಳು. ಒತ್ತಕ್ಷರ ತಪ್ಪಿದ್ದಕ್ಕೆ ಬೆರಳ ಗೆಣ್ಣಿಗೆ ಹೊಡೆದಿದ್ದಿರಿ. ಈಗ ಐವತ್ತು ತುಂಬಿತು, ಒತ್ತಕ್ಷರ ಇನ್ನೂ ತಪ್ಪುತ್ತದೆ.

ನೀವು ಬೀದರಿನಲ್ಲಿ ಹಳೆಯ ನಾಣ್ಯ ಕೂಡಿಸುತ್ತೀರೆಂದೂ, ಬಹಮನಿ ಸುಲ್ತಾನರ ಕಾಲದ ಅಕ್ಷರ ಓದುತ್ತೀರೆಂದೂ ಕೇಳಿದ್ದೇನೆ. ಅದಕ್ಕೇ ಕೇಳುತ್ತೇನೆ. ನೆಲದಲ್ಲಿ ಬಹುಕಾಲ ಇದ್ದ ಬೆಳ್ಳಿಯ ನಾಣ್ಯವನ್ನು ಶುಚಿ ಮಾಡುವ ಸರಿಯಾದ ರೀತಿ ಯಾವುದು? ಮನೆಯ ಹೆಂಗಸರು ಪಾತ್ರೆ ಬೆಳಗುವ ರೀತಿಯಿಂದ ಕೇಡಾಗುತ್ತದೆಯೆ? ಕೇಳುವುದಕ್ಕೆ ವಿಶೇಷ ಕಾರಣವೇನಿಲ್ಲ. ಅತ್ತೆಯವರ ಕಾಲದ ಒಂದೆರಡು ನಾಣ್ಯ ಮನೆಯಲ್ಲಿವೆ.

ಊರಿನ ಸುದ್ದಿ ಎಂದರೆ, ಹೋದ ತಿಂಗಳು ಇಲ್ಲಿಯ ಮಠದ ಕಾಳು ತುಂಬುವ ಹಗೇವು ಅಗಲ ಮಾಡುವಾಗ ಮಡಕೆಯಲ್ಲಿ ದಫೀನಾ ಸಿಕ್ಕಿತು. ಬೆಳ್ಳಿಯ ಅರವತ್ತೊಂದು ನಾಣ್ಯ. ಹುಗಿದ ಹಣ ಸರ್ಕಾರಕ್ಕೆ ಸೇರಬೇಕಷ್ಟೆ. ನಮ್ಮ ಯಜಮಾನರು ಊರ ಪೊಲೀಸ್ ಪಾಟೀಲರು. ಪಂಚನಾಮೆ ಬರೆಸಿ, ಡಬ್ಬಿಗೆ ಮೊಹರು ಹಾಕಿ, ಚಪರಾಸಿ ಅಬ್ದುಲ ಗಫೂರನ ಕೈಯಲ್ಲಿ ಬೀದರಿನ ಕಚೇರಿಗೆ ಕಳಿಸಿದರು. ಅಲ್ಲಿ ಡಬ್ಬಿ ತೆರೆದು, ಇವು ಅವಲ್ಲ, ಹಳೆಯವನ್ನು ದಾರಿಯಲ್ಲಿ ತೆಗೆದು ಹೊಸ ಎರಕದವನ್ನು ಇಟ್ಟಿದ್ದಾನೆ ಎಂದು ಗಫೂರನನ್ನು ಹಿಡಿದು ಕೂಡಿಸಿದ್ದಾರಂತೆ. ನಿನ್ನೆ ಸಂಜೆ ತಿಳಿಯಿತು. ಅವನ ಮನೆ ನಮ್ಮ ಹಿತ್ತಲ ಗೋಡೆಯ ಆಚೆ. ಹದಿನೆಂಟು ವರ್ಷದಲ್ಲಿ ಒಂದು ಕಾಗದ ಕಳೆದವನಲ್ಲ.

ಏನಾದರೂ ಕಿವಿಗೆ ಬಿದ್ದಿದ್ದರೆ ಬರೆಯಿರಿ. ನಾಣ್ಯದ ಪ್ರಶ್ನೆಗೆ ಮಾತ್ರ ಮೊದಲು ಉತ್ತರ ಬೇಕು. ಬೇಗ ಬೇಕು.

ಅನುಸೂಯಾಬಾಯಿ


ಬೀದರ
ಶ್ರಾವಣ ಶುದ್ಧ ಅಷ್ಟಮಿ, ಶುಕ್ರವಾರ

ಅನುಸೂಯಾಬಾಯಿಯವರಿಗೆ ಮಾಧವರಾಯನ ಆಶೀರ್ವಾದ.

ಗುರುತು ಹತ್ತಿತು. ಹೊಡೆದದ್ದು ನೆನಪಿಲ್ಲ. ಹೊಡೆಯದೆ ಬಿಟ್ಟವರ ನೆನಪಿದೆ, ಅವರು ಮೂವರೇ.

ಈ ಊರಿನಲ್ಲಿ ನನ್ನ ನಾಣ್ಯದ ಮಾತು ಕೇಳುವವರಿಲ್ಲ. 'ಸತ್ತ ಸುಲ್ತಾನರ ಮಾರಿ ನೋಡಿದ್ರ ಹೊಟ್ಟಿ ತುಂಬತದೇನ್ರಿ' ಎನ್ನುತ್ತಾಳೆ ನಮ್ಮ ಸರಸ್ವತಿಬಾಯಿ. ಆ ನಾಣ್ಯಗಳ ಮೇಲೆ ಮುಖವೇ ಇಲ್ಲ, ಬರೀ ಅಕ್ಷರ ಎಂದು ಹೆಂಡತಿಗೆ ಹೇಳಿ ಹೇಳಿ ಮೂವತ್ತು ವರ್ಷವಾಯಿತು. ಆದ್ದರಿಂದ ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ವಿವರವಾಗಿ ಬರೆಯುತ್ತೇನೆ.

ಮೊದಲ ಮಾತು, ಏನೂ ಮಾಡದಿರುವುದೇ ಎಲ್ಲಕ್ಕಿಂತ ಒಳ್ಳೆಯದು. ಬೆಳ್ಳಿಯ ಮೇಲಿನ ಕಪ್ಪು ಹೊಲಸಲ್ಲ, ಅದು ನಾಣ್ಯದ ವಯಸ್ಸು. ಅದನ್ನು ತೆಗೆದರೆ ಮುದುಕನ ನೆರೆ ಬೋಳಿಸಿ ಮದುವಣಿಗ ಎಂದಂತೆ. ಬಲ್ಲವನು ಕಪ್ಪನ್ನು ನೋಡಿಯೇ ನಾಣ್ಯ ನಂಬುತ್ತಾನೆ.

ಮಣ್ಣು ಮೆತ್ತಿ ಅಕ್ಷರವೇ ಕಾಣದಿದ್ದರೆ ಮಾತ್ರ ಹೀಗೆ ಮಾಡಬೇಕು. ಚೀನೀ ಬಟ್ಟಲಿನಲ್ಲಿ ಮಳೆಯ ನೀರು ಅಥವಾ ಸಿಹಿ ಬಾವಿಯ ನೀರು ಹಾಕಿ ನಾಣ್ಯ ಮುಳುಗಿಸಿ. ಸವಳು ನೀರು ಬೇಡ, ಉಪ್ಪು ಲೋಹ ತಿನ್ನುತ್ತದೆ. ಒಂದರ ಮೇಲೊಂದು ಬೀಳಬಾರದು. ದಿನವೂ ನೀರು ಬದಲಿಸಿ. ವಾರದಲ್ಲಿ ಮಣ್ಣು ತಾನೇ ಬಿಡುತ್ತದೆ. ಬಿಡದಿದ್ದರೆ ಒಣಗಿಸಿ ಒಳ್ಳೆಣ್ಣೆಯಲ್ಲಿ ಹಾಕಿ ಮರೆತುಬಿಡಿ. ತಿಂಗಳಾಗಲಿ, ಮೂರು ತಿಂಗಳಾಗಲಿ. ಆಮೇಲೆ ಎಣ್ಣೆಯಲ್ಲಿ ಇರುವಾಗಲೇ ಜಾಲಿಯ ಮುಳ್ಳಿನಿಂದ ಮಣ್ಣನ್ನು ಎಬ್ಬಿಸಬೇಕು. ಲೋಹಕ್ಕೆ ಮುಳ್ಳು ತಾಗಬಾರದು. ಹಳೆಯ ಮೆತ್ತನೆಯ ಧೋತರದ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ. ಅಂಚು ಹಿಡಿದು ಎತ್ತಿ. ಬೆವರಿನ ಬೆರಳು ಸಹ ಗುರುತು ಬಿಡುತ್ತದೆ.

ಮಾಡಬಾರದ್ದು: ಹುಣಸೆಹಣ್ಣು, ನಿಂಬೆ, ಹುಳಿಮಜ್ಜಿಗೆ ಹಚ್ಚುವುದು. ಹುಳಿ ಹೊಲಸನ್ನಷ್ಟೇ ತಿನ್ನದು, ಬೆಳ್ಳಿಯಲ್ಲಿ ಬೆರೆಸಿದ ತಾಮ್ರವನ್ನೂ ತಿನ್ನುತ್ತದೆ. ಬೂದಿ, ಇಟ್ಟಿಗೆಯ ಪುಡಿ, ರಂಗೋಲಿ ಹಾಕಿ ತಿಕ್ಕುವುದು ಅದಕ್ಕೂ ಕೆಟ್ಟದ್ದು. ಒಂದೊಂದು ಕಣವೂ ಗೀರು ಎಳೆಯುತ್ತದೆ. ಅಕ್ಕಸಾಲಿಯ ಸುಡುವ ತೇಜಾಬು ಹಚ್ಚುವುದು, ಬೆಂಕಿಯ ಮೇಲೆ ಕಾಯಿಸುವುದು, ಇವಂತೂ ಕೊಲೆಯೇ ಸರಿ.

ಇನ್ನು ನಿಮ್ಮ 'ಒಂದೆರಡು' ನಾಣ್ಯದ ಮಾತು. ಪಾಟೀಲರ ಮನೆ, ಅದೇ ಊರಿನ ದಫೀನಾ. ನಾನು ಹೆಚ್ಚು ಕೇಳುವುದಿಲ್ಲ. ಆ ಮಡಕೆಯದೊಂದು ಕೈತಪ್ಪಿ ನಿಮ್ಮ ಗೂಡಿನಲ್ಲಿ ಉಳಿದಿದ್ದರೆ, ತೊಳೆಯದೆ ಒಮ್ಮೆ ನನಗೆ ತೋರಿಸಿ. ಯಾರ ಮುಂದೆಯೂ ಬಾಯಿ ಬಿಡುವವನಲ್ಲ.

ಗಫೂರನ ವಿಷಯ ನಾನು ಬರೆಯುವಂತಿಲ್ಲ. ಬಲ್ಲವರೇ ನೋಡಿ ಹೇಳಿದ್ದಾರಂತೆ.

ಮಾಧವರಾಯ


ಠಾಣಾ ಕುಶನೂರ
ಶ್ರಾವಣ ಶುದ್ಧ ಏಕಾದಶಿ, ಸೋಮವಾರ

ಮಾಸ್ತರರಿಗೆ ಶರಣು.

ಕಾಗದ ಶನಿವಾರ ಸಂಜೆ ಮುಟ್ಟಿತು. ಹುಣಸೆಹಣ್ಣು ಎಂಬಲ್ಲಿಗೆ ಬಂದಾಗಲೆಲ್ಲ ಮಡಚಿಟ್ಟು ಎದ್ದೆ. ಎದ್ದು ಏನು ಮಾಡಲಿ, ಹಿತ್ತಲಿಗೆ ಹೋಗುವುದು, ತಿರುಗಿ ಬರುವುದು.

ನಾನು ನಾಣ್ಯ ಬಚ್ಚಿಟ್ಟವಳಲ್ಲ. ನಿಮ್ಮ ಆ ಮಾತಿಗೆ ಸಿಟ್ಟು ಬಂತು. ಆದರೆ ಸಿಟ್ಟಾಗುವ ಹಕ್ಕು ನನಗಿಲ್ಲ. ಅತ್ತೆಯವರ ಕಾಲದ ನಾಣ್ಯ ಇವೆ ಎಂದದ್ದು ಸುಳ್ಳು. ಉಪವಾಸದ ದಿನ ಬರೆದ ಸುಳ್ಳು.

ಗಫೂರನ ಹೆಂಡತಿ ಮಹಮೂದಾ ಬೇಗಂ ದಿನಕ್ಕೆ ಎರಡು ಸಲ ಗೋಡೆಯ ಹತ್ತಿರ ಬರುತ್ತಾಳೆ. ನಿನ್ನೆ ಬಂದು, "ಬಾಯೀ, ಪಾಟೀಲಸಾಬ್ರು ಬೀದರಕ್ಕ ಹೋಗಿ ಒಂದ್ ಮಾತ್ ಹೇಳಿದ್ರ ಸಾಕಲ್ಲಾ. ಡಬ್ಬಿ ಮ್ಯಾಲಿನ ಮೊಹರು ಅವರದೇ ಅದ. ಅದು ಒಡದಿಲ್ಲ ಅಂತ ಕಚೇರಿಯವ್ರೂ ಅಂತಾರ" ಎಂದಳು.

"ಮೊಹರು ಒಡಿಲಾರದ ಹ್ಯಾಂಗ ಬದಲಿ ಮಾಡ್ಯಾನಂತ?" ಎಂದೆ. ಎನ್ನುವಾಗ ನನ್ನ ನಾಲಗೆ ನನಗೇ ಬೇರೆಯವರದೆನಿಸಿತು.

"ಭಾಲ್ಕಿಯೊಳಗ ನನ್ನ ತಮ್ಮ ಕಲಾಯಿ ಹಾಕ್ತಾನಲ್ಲ, ಹೊಳಿ ದಾಟಿ ಹೊತ್ತಾಯ್ತಂತ ನಮ್ಮ ಮನಿಯವ್ರು ಅವನ ಮನ್ಯಾಗ ಇಳ್ಕೊಂಡಾರ. ಅದಕ್ಕ ಕಲಾಯಿಗಾರ ಮೊಹರೂ ಮಾಡ್ತಾನ, ನಾಣ್ಯಾನೂ ಮಾಡ್ತಾನ, ನಾಳಿ ಚಂದ್ರನ್ನೂ ಮಾಡ್ತಾನ ಅಂತಾರ್ರಿ. ಅವನಿಗಿ ಒಂದ್ ಪತೇಲಿಗಿ ಕಲಾಯಿ ಸುದ್ದ ನೆಟ್ಟಗ ಹಾಕ್ಲಾಕ ಬರಾಂಗಿಲ್ಲ. ನನ್ನ ಪತೇಲಿ ನೋಡ್ರಿ ಬೇಕಾದ್ರ."

ಹೇಳುತ್ತ ನಕ್ಕಳು. ನಗುತ್ತಲೇ ಅಳತೊಡಗಿದಳು. ನಾನೂ ಅತ್ತೆ. ಅವಳು ಒಳ್ಳೆಯ ಮನಸ್ಸಿನ ನೆರೆಯವಳೆಂದು ನನ್ನ ಕೈ ಹಿಡಿದಳು.

ಮಾಸ್ತರರೇ, ಎರಡು ಮಾತು ಕೇಳುತ್ತೇನೆ. ಒಬ್ಬ ಹೆಂಗಸು ಅರಿಯದೆ ಅಂಥ ನಾಣ್ಯಗಳಿಗೆ ಹುಣಸೆ ಹಚ್ಚಿ ಬೂದಿಯಿಂದ ಬೆಳಗಿದಳು ಎಂದಿಟ್ಟುಕೊಳ್ಳಿ. ಬಲ್ಲವನೊಬ್ಬ ಅವನ್ನು ನೋಡಿ ಹೊಸವು ಎಂದು ತಪ್ಪು ತಿಳಿಯಬಹುದೆ? ಅವುಗಳ ತೂಕ ಕಡಿಮೆಯಾಗುತ್ತದೆಯೆ? ಯಜಮಾನರನ್ನು ಕೇಳಿದರೆ 'ನೀ ಸುಮ್ಮ ಕೂಡು' ಎನ್ನುತ್ತಾರೆ. ಸುಮ್ಮನೆ ಕೂಡಲಾಗುತ್ತಿಲ್ಲ.

ಅನುಸೂಯಾಬಾಯಿ


ಬೀದರ
ಶ್ರಾವಣ ಶುದ್ಧ ಚತುರ್ದಶಿ, ಗುರುವಾರ

ಅನುಸೂಯಾಬಾಯಿಯವರಿಗೆ.

ನಿಮ್ಮ ಕಾಗದದ ಅರ್ಥವಾಯಿತು. ನೆರೆಯವಳ ಕಣ್ಣೀರಿಗೆ ಕರಗಿದ್ದೀರಿ. ಆಕೆಯ ಗಂಡನನ್ನು ಉಳಿಸಲು 'ಒಬ್ಬ ಹೆಂಗಸಿನ' ಕಥೆ ಕಟ್ಟುತ್ತಿದ್ದೀರಿ, ಕಟ್ಟುವುದಕ್ಕೆ ಬೇಕಾದ ಸಾಮಗ್ರಿಯನ್ನು ನನ್ನಿಂದಲೇ ಕೇಳಿ ತೆಗೆದುಕೊಂಡಿದ್ದೀರಿ. ಹುಣಸೆ, ಬೂದಿ, ಎಲ್ಲ ನನ್ನ ಕಾಗದದ್ದೇ. ಕರುಣೆ ದೊಡ್ಡದು, ಆದರೆ ಸುಳ್ಳಿನ ಕಾಲ ಮೇಲೆ ನಿಂತ ಕರುಣೆ ಬಹಳ ದೂರ ನಡೆಯದು.

ಇನ್ನು ಮುಚ್ಚುವುದೇನು, ಆ ನಾಣ್ಯಗಳನ್ನು ನೋಡಿದ ಬಲ್ಲವನು ನಾನೇ. ವರದಿಯ ಕೆಳಗೆ ಇರುವುದು ನನ್ನ ಸಹಿ. ಪಂಚನಾಮೆಯಲ್ಲಿ 'ಕಪ್ಪು, ಹಸಿರು ಕಿಲುಬು ಹಿಡಿದ, ಅಕ್ಷರ ಕಾಣದ ೬೧ ನಾಣ್ಯ, ತೂಕ ೬೦ ತೊಲೆ' ಎಂದಿದೆ. ನನ್ನ ಮುಂದೆ ಸುರಿದವು ಎಳ್ಳಿನ ಹೂವಿನಂತೆ ಬೆಳ್ಳಗಿದ್ದವು. ತೂಕ ಐವತ್ತೇಳು ತೊಲೆ. ಅಂಚು ನುಣುಪು, ಎರಕದ ನಾಣ್ಯದಂತೆ. ಯಾರಾದರೂ ಬೆಳಗಿದ್ದರೆ ಪಾಟೀಲರು ಮೊಹರು ಹಾಕುವಾಗ ನೋಡುತ್ತಿರಲಿಲ್ಲವೆ?

ವಿಚಾರಣೆಯ ಪೇಶಿ ಶ್ರಾವಣ ಬಹುಳ ದಶಮಿ, ಸೋಮವಾರಕ್ಕೆ ಇದೆ. ಗಫೂರನಿಗೆ ಜೇಲು ತಪ್ಪದು ಎನ್ನುತ್ತಾರೆ. ನೀವು ದೇವರ ಧ್ಯಾನದಲ್ಲಿರಿ. ಈ ವಿಷಯದಲ್ಲಿ ಮತ್ತೆ ಬರೆಯಬೇಡಿ.

ಮಾಧವರಾಯ


ಠಾಣಾ ಕುಶನೂರ
ಶ್ರಾವಣ ಬಹುಳ ತದಿಗೆ, ಸೋಮವಾರ

ಮಾಸ್ತರರಿಗೆ ಶರಣು.

ಬರೆಯಬೇಡಿ ಎಂದಿರಿ, ಬರೆಯುತ್ತೇನೆ. ಕಥೆ ಕಟ್ಟಲು ನನಗೆ ಬಾರದು. ಆ ಹೆಂಗಸು ನಾನೇ.

ನಮ್ಮ ಕಡೆ ಆಷಾಢದ ಕೊನೆಗೆ ದೀವಿಗೆ ಅಮಾವಾಸ್ಯೆ. ಹಿಂದಿನ ದಿನ ಮನೆಯ ದೀಪದ ಸಮೆ, ಸಣ್ಣ ದೀಪ, ತಂಬಿಗೆ, ಲಿಂಗದ ಬೆಳ್ಳಿಯ ಕರಡಿಗೆ ಎಲ್ಲವನ್ನೂ ಬೆಳಗಿ, ಮರುದಿನ ಮಣೆಯ ಮೇಲೆ ಸಾಲಾಗಿ ಇಟ್ಟು ಪೂಜಿಸಬೇಕು. ಆ ದಿನ ಮನೆಯಲ್ಲಿ ಕಪ್ಪು ಹಿಡಿದ ಲೋಹ ಇರಬಾರದು. ಅತ್ತೆ ಕಲಿಸಿದ್ದು. ಬಾಗಿಲ ಚಿಲಕವನ್ನು ಸಹ ನಾವು ಬಿಡುವುದಿಲ್ಲ.

ಆ ಬುಧವಾರ ಚಾವಡಿ ಸೋರುತ್ತಿತ್ತು. ಯಜಮಾನರು ಡಬ್ಬಿಯನ್ನು ಮನೆಗೆ ತಂದು ದೇವರ ಗೂಡಿನ ಕೆಳಗಿಟ್ಟರು. ಕಾವಲುಗಾರನ ಕಣ್ಣೆದುರು ಚಾವಡಿಯಲ್ಲೇ ಇರಬೇಕಾದ ಸರ್ಕಾರಿ ಮಾಲು ಅದು. ಮೊಹರಿನ ಅರಗು ಇನ್ನೂ ಹಾಕಿರಲಿಲ್ಲ. ಅವರು ದೋಣಿ ಗೊತ್ತುಮಾಡಲು ಮಾಂಜ್ರಾ ಹೊಳೆಗೆ ಹೋದರು. ನಾನು ದೀಪಗಳನ್ನು ಮುಗಿಸಿ ಕೈ ತೊಳೆಯುವವಳಿದ್ದೆ. ಗೂಡಿನ ಕೆಳಗೆ ಕಪ್ಪು ಬೆಳ್ಳಿ ಇದೆಯಲ್ಲ ಎಂದು ನೆನಪಾಯಿತು.

ಡಬ್ಬಿಯೊಳಗಿನ ಬಟ್ಟೆಯ ಗಂಟು ಬಿಚ್ಚಿ ಹರಿವಾಣಕ್ಕೆ ಸುರಿದೆ. ಹುಣಸೆಯ ರಸದಲ್ಲಿ ಒಂದು ತಾಸು ಇಟ್ಟೆ. ಆಮೇಲೆ ಜೋಳದ ದಂಟಿನ ಬೂದಿ ಹಾಕಿ ತಿಕ್ಕಿದೆ. ಕರಡಿಗೆಯನ್ನು ಸುತ್ತಲೂ ತಿಕ್ಕುತ್ತೇವೆ. ನಾಣ್ಯ ಜಾರುತ್ತವೆ ಎಂದು ಮಣೆಗೆ ಒತ್ತಿ ಹಿಡಿದು ಹೆಬ್ಬೆರಳಿನಿಂದ ಮೇಲೆ ಕೆಳಗೆ ತಿಕ್ಕಿದೆ. ಬೂದಿ ತೀರಿತು. ಕೊನೆಯ ಒಂಬತ್ತನ್ನು ವಿಭೂತಿಯಿಂದ ಬೆಳಗಿದೆ, ಹೇಗೂ ದೇವರ ಮುಂದಿನ ಬೆಳ್ಳಿ ಎಂದು. ಮೂರು ನಾಣ್ಯ ಒಂದಕ್ಕೊಂದು ಅಂಟಿ ಒಂದೇ ಗಟ್ಟಿಯಾಗಿದ್ದವು. ಹಸಿರು ಹುಳಿಗೆ ಬಿಟ್ಟಿತು, ಅಂಟು ಬಿಡಲಿಲ್ಲ. ದಬ್ಬಣ ತೂರಿಸಿ ಎಬ್ಬಿಸಿದೆ. ದಬ್ಬಣ ಜಾರಿ ಆ ಮೂರರ ಒಳಮೈಯಲ್ಲೂ ಅಂಚಿನ ಹತ್ತಿರ ಬಾಗಿದ ಗೀರು ಬಿತ್ತು, ಎಳೆಚಂದ್ರನ ಹಾಗೆ.

ಅಕ್ಷರಗಳು ಒಂದೊಂದೇ ಏಳುತ್ತ ಬಂದಾಗ ಬಹಳ ಸಂತೋಷವಾಯಿತು, ಮಾಸ್ತರರೇ. ಓದಲು ಬಾರದಿದ್ದರೂ ಯಾರೋ ಕೂತು ಬರೆದದ್ದಲ್ಲವೆ. ಅದೇ ಬಟ್ಟೆಯಲ್ಲಿ ಕಟ್ಟಿಟ್ಟೆ. ನಸುಕಿನಲ್ಲಿ ದೋಣಿಗೆ ತಡವಾಯಿತೆಂದು ಯಜಮಾನರು ಗಂಟು ಬಿಚ್ಚದೆ ಮೊಹರು ಒತ್ತಿದರು. ಹೇಳಿದರೆ ಮೆಚ್ಚುತ್ತಾರೆಂದು ನಾನು ಅವರು ಊಟಕ್ಕೆ ಕೂಡುವವರೆಗೆ ಕಾಯ್ದೆ. ಅಷ್ಟರಲ್ಲಿ ಗಫೂರ ಹೊಳೆ ದಾಟಿದ್ದ, ಹೇಳುವುದು ಹಾಗೇ ಉಳಿಯಿತು.

ತೂಕದ ಮೂರು ತೊಲೆ ನಮ್ಮ ಬಚ್ಚಲ ಮೋರಿಯಲ್ಲಿ ಹರಿದುಹೋಯಿತು. ಅದು ಮಣ್ಣು, ಕಿಲುಬು.

ಗಫೂರನನ್ನು ಹಿಡಿದ ಸುದ್ದಿ ಬಂದ ದಿನ ಯಜಮಾನರಿಗೆ ಎಲ್ಲ ಹೇಳಿದೆ. "ಬೆಳಗಿದ್ದು ನಾನಂತ ಬರದ್ ಕಳಸ್ತೇನಿ" ಎಂದೆ.

"ಬರಿ. ಡಬ್ಬಿ ಪಾಟೀಲನ ಮನ್ಯಾಗ ಯಾಕ ಇತ್ತು ಅಂತ ಕೇಳ್ತಾರ. ಪಾಟೀಲಕಿ ಹೋಗತದ. ನಮ್ಮಪ್ಪನ ಅಪ್ಪಂದು ಅದು."

"ಗಫೂರಂದು?"

"ಅವನ ಮ್ಯಾಲ ಸಾಕ್ಷಿ ಎಲ್ಲಿ ಅದ? ನಾಕ್ ದಿನ ಕೂಡಸ್ತಾರ, ಬಿಡ್ತಾರ. ಬಿಟ್ಟ್ ಮ್ಯಾಲ ಅವನಿಗಿ ಒಂದ್ ಎಮ್ಮಿ ಕೊಡೋಣಂತ."

ಎಮ್ಮೆಯ ಮಾತಿಗೆ ನಾನು ಎದ್ದು ಬಂದೆ. ಮಾತು ಮುಂದುವರಿಸಬೇಕಿತ್ತು, ಮುಂದುವರಿಸಲಿಲ್ಲ. ಸಾಕ್ಷಿ ಇಲ್ಲವೆಂದು ನಂಬಿ ಎರಡು ವಾರ ಕಳೆದೆ. ಸಾಕ್ಷಿ ನೀವೇ ಎಂದು ನಿಮ್ಮ ಕಾಗದದಿಂದ ತಿಳಿಯಿತು.

ನನ್ನನ್ನು ನಂಬಬೇಡಿ. ಭೂತಗನ್ನಡಿ ಹಿಡಿದು ನಾಣ್ಯವನ್ನೇ ಕೇಳಿ. ಅಕ್ಷರದ ಸಂದಿಯಲ್ಲಿ ಬೂದಿ ಕೂತಿರಬೇಕು, ನಾನು ಅಷ್ಟು ಚೊಕ್ಕಟಾಗಿ ತೊಳೆದವಳಲ್ಲ. ಆ ಮೂರನ್ನು ಹುಡುಕಿ ಜೋಡಿಸಿ ನೋಡಿ.

ಯಜಮಾನರಿಗೆ ತಿಳಿಸದೆ ಬರೆದಿದ್ದೇನೆ.

ಅನುಸೂಯಾಬಾಯಿ


ಕಾರ್ಡು. ಠಾಣಾ ಕುಶನೂರ
ಬಹುಳ ಷಷ್ಠಿ, ಗುರುವಾರ

ಮಾಸ್ತರರಿಗೆ. ಮಾಂಜ್ರಾ ತುಂಬಿದೆ. ಟಪಾಲಿನವನು ಮೂರು ದಿನದಿಂದ ಈಚೆ ದಡದಲ್ಲೇ ಕುಳಿತಿದ್ದಾನೆ, ನನ್ನ ಸೋಮವಾರದ ಕಾಗದ ಅವನ ಚೀಲದಲ್ಲಿದೆ. ಎರಡು ಸಲ ಹೋಗಿ ನೋಡಿ ಬಂದೆ. "ಬಾಯಾರ, ನೀವ್ ಹೊಳಿ ದಂಡಿಗಿ ನಿಂತು ನೋಡಿದ್ರ ನೀರ್ ಇಳಿಯಾಂಗಿಲ್ರಿ" ಎಂದ. ಈ ಕಾರ್ಡೂ ಅದೇ ಚೀಲಕ್ಕೆ ಬೀಳುತ್ತದೆಂದು ಗೊತ್ತು. ಆದರೂ ಬರೆದೆ. ಪೇಶಿಗೆ ನಡುವೆ ಇನ್ನು ಮೂರೇ ದಿನ.


ಬೀದರ
ಶ್ರಾವಣ ಬಹುಳ ಅಷ್ಟಮಿ, ಶನಿವಾರ

ಅನುಸೂಯಾಬಾಯಿಯವರಿಗೆ ಮಾಧವರಾಯನ ನಮಸ್ಕಾರ.

ನಿನ್ನೆ ಸಂಜೆ ಎರಡೂ ಒಟ್ಟಿಗೆ ಬಂದವು. ಟಪಾಲನ್ನು ನಂಬದೆ ಇದನ್ನು ಮಹಮೂದಾ ಬೇಗಂ ಅವರ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾವನಿಗೆ ರೊಟ್ಟಿ ಕೊಡಲು ಭಾಲ್ಕಿಯಿಂದ ಬಂದು ಕಚೇರಿಯ ಬಾಗಿಲಲ್ಲೇ ಇದ್ದ. ಒಳಗೇನು ಬರೆದಿದೆ ಎಂದು ಅವನಿಗೆ ಹೇಳಿಲ್ಲ.

ಈ ಬೆಳಿಗ್ಗೆ ಕಚೇರಿಗೆ ಹೋಗಿ ಸಾಹೇಬರನ್ನು ಬೇಡಿ ಡಬ್ಬಿ ತರಿಸಿದೆ. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದೆ. ಮೈಮೇಲೆಲ್ಲ ಮೇಲಿನಿಂದ ಕೆಳಗೆ ಎಳೆದ ನೂಲಿನಂಥ ಗೀರುಗಳು. ಎರಕದಲ್ಲಿ ಅಂಥವು ಇರುವುದಿಲ್ಲ. ಅಕ್ಷರದ ಸಂದಿಯಲ್ಲಿ ಬೂದಿ ಇದೆ. ಒಂಬತ್ತರಲ್ಲಿ ಮಾತ್ರ ಅದು ಬಿಳಿ, ನುಣ್ಣಗೆ. ದಬ್ಬಣದ ಗೀರಿನ ಮೂರೂ ಸಿಕ್ಕವು. ಜೋಡಿಸಿದೆ, ಗೀರಿಗೆ ಗೀರು, ಕಲೆಗೆ ಕಲೆ ಕೂಡಿತು. ಅವು ಹಳೆಯವು, ಬಾಯಿ. ನೂರಕ್ಕೆ ನೂರು ಹಳೆಯವು.

ಈಗ ನನ್ನ ಮಾತು. ಮೊದಲ ಸಲ ನೋಡಿದ ದಿನ ಮಳೆ, ಕೋಣೆಯಲ್ಲಿ ಮಬ್ಬು. ಎರಡು ವರ್ಷದಿಂದ ನನ್ನ ಕಣ್ಣು ಸರಿಯಿಲ್ಲ, ಸರಸ್ವತಿಗೂ ಹೇಳಿಲ್ಲ. ನಾಣ್ಯದ ಮಾಸ್ತರ ಎಂದು ಕರೆಸಿದವರ ಮುಂದೆ ಭೂತಗನ್ನಡಿ ಕೇಳಲು ನಾಚಿಕೆಯಾಯಿತು. ಕೈಯಿಂದ ಮುಟ್ಟಿ ನೋಡಿದೆ. ಹುಳಿ ತಿಂದು ನುಣುಪಾದ ಅಂಚು ಎರಕದ ಅಂಚಾಗಿ ತೋರಿತು. ಅರ್ಧ ತಾಸಿನಲ್ಲಿ ವರದಿ ಬರೆದೆ. ನೀವು ಬೆಳಗಿದ್ದು ತಿಳಿಯದೆ. ನಾನು ಬರೆದದ್ದು ತಿಳಿದವನೆಂಬ ಹೆಮ್ಮೆಯಿಂದ. ಗಫೂರನನ್ನು ಒಳಗೆ ಕೂಡಿಸಿದ್ದು ನಿಮ್ಮ ಹುಣಸೆಯಲ್ಲ.

ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ನಿಮ್ಮ ಕಾಗದ ತೋರಿಸಲಿಲ್ಲ, ಹೆಸರೂ ಹೇಳಲಿಲ್ಲ. ಮೂರು ವಾರದಲ್ಲಿ ತಿರುಗುವ ವರದಿಯನ್ನು ಯಾವುದನ್ನು ನಂಬಲಿ ಎಂದು ಕೇಳಿದರು. ಬೆಳಗಿದವಳು ತನ್ನ ಕೈಯಿಂದ ಬರೆದು, ತನ್ನ ಹೆಸರು, ಗಂಡನ ಹೆಸರು, ಡಬ್ಬಿ ಯಾರ ಮನೆಯಲ್ಲಿ ಏಕೆ ಇತ್ತು ಎಂಬುದನ್ನು ತಿಳಿಸಿ ಸಹಿ ಹಾಕಿದ ಕಾಗದ ಸೋಮವಾರ ಪೇಶಿಗೆ ಮೊದಲು ಬಂದರೆ ನನ್ನ ಹೊಸ ವರದಿ ಕೂಡುತ್ತದೆ, ಇಲ್ಲದಿದ್ದರೆ ಹಳೆಯದೇ ನಿಲ್ಲುತ್ತದೆ ಎಂದರು.

ಪಾಟೀಲಕಿ ಉಳಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ಉಳಿಯಲಿಕ್ಕಿಲ್ಲ. ಬರೆಯಿರಿ ಎಂದು ಹೇಳುವ ಮುಖವೂ ನನಗಿಲ್ಲ.

ಮಾಧವರಾಯ


ಠಾಣಾ ಕುಶನೂರ
ಶ್ರಾವಣ ಬಹುಳ ನವಮಿ, ರವಿವಾರ

ಮಾಸ್ತರರಿಗೆ ಶರಣು.

ಕಾಗದ ಈ ಬೆಳಿಗ್ಗೆ ಬಂತು. ಕಲಾಯಿಗಾರ ರಾತ್ರಿಯೆಲ್ಲ ನಡೆದು ಬಂದಿದ್ದಾನೆ. ಅವನಿಗೆ ರೊಟ್ಟಿ ಕೊಟ್ಟು, ಯಜಮಾನರ ಮುಂದೆ ಕುಳಿತು, ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿದೆ. ನಡುವೆ ನಿಲ್ಲಿಸಲಿಲ್ಲ. ನಿಮಗೆ ಮೊದಲೇ ಬರೆದದ್ದೂ ಆಗ ಅವರಿಗೆ ತಿಳಿಯಿತು.

ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ, "ಪಾಟೀಲ ಸರ್ಕಾರಿ ಮಾಲ್ ಹೆಂಡತಿ ಕೈಯಾಗ ತೊಳಿಸ್ಯಾನ ಅಂತ ಊರ್ ನಗತದ" ಎಂದರು.

"ನಗಲ್ರಿ. ಅಳೋರು ಗ್ವಾಡಿ ಆಚಿ ಅದಾರ."

"ನನಗ ಕೇಳದ ಬರದಿ."

"ಕೇಳಿದ್ರ ಬರಿಗೊಡ್ತಿದ್ದಿಲ್ಲ."

"ಕೊಡ್ತಿದ್ದಿಲ್ಲ" ಎಂದು ಅವರೇ ಒಪ್ಪಿದರು. ಸಿಟ್ಟಿನಿಂದಲೇ ಒಪ್ಪಿದರು. ದೌತಿ, ಟಾಕು ತಂದು ನನ್ನ ಮುಂದಿಟ್ಟರು. "ನಂದೂ ಬರಿ. ಡಬ್ಬಿ ಮನಿಗಿ ತಂದದ್ದು ನಾನು, ಗಂಟ್ ಬಿಚ್ಚಿ ನೋಡ್ಲಾರದ ಮೊಹರು ಒತ್ತಿದ್ದು ನಾನು. ಕೆಳಗ ನಾನೇ ಸಹಿ ಹಾಕ್ತೇನಿ."

ಬರೆಯುತ್ತ ಹೋದೆ. ಗಂಡನ ಹೆಸರು ಬರೆಯುವಲ್ಲಿ ಕೈ ನಿಂತಿತು. ಮದುವೆಯಾಗಿ ಮೂವತ್ತೇಳು ವರ್ಷ, ನನ್ನ ಬಾಯಿಂದ ಆ ಹೆಸರು ಬಂದಿಲ್ಲ. ಅವರ ಹೆಸರಿನಲ್ಲಿರುವುದು ನಮ್ಮ ಗುರುವಿನ ಹೆಸರಾದ್ದರಿಂದ ಗುರುವನ್ನು ಸಹ 'ಅಣ್ಣ' ಎಂದಷ್ಟೇ ಕರೆದು ಕೈಮುಗಿದವಳು. ಅವರು ನೋಡಿ, "ಕಾಗದದ ಮ್ಯಾಲ ಬರದ್ರ ಬಾಯಿಲಿಂದ ಅಂದಂಗ ಆಗಾಂಗಿಲ್ಲ. ಬರಿ, ಹೊತ್ತಾಯ್ತು" ಎಂದರು. ಠಾಣಾ ಕುಶನೂರಿನ ಪೊಲೀಸ್ ಪಾಟೀಲ ಬಸವಣ್ಣೆಪ್ಪನ ಹೆಂಡತಿ ಅನುಸೂಯಾಬಾಯಿ ಎಂದು ಬರೆದೆ. ಒತ್ತಕ್ಷರ ಸರಿಯಾಗಿಯೇ ಬಿದ್ದವು.

ಟಪಾಲಿಗೆ ಬೇಡವೆಂದು ಅದನ್ನು ಅವರೇ ಒಯ್ಯುತ್ತಿದ್ದಾರೆ. ಹೊಳೆ ಇಳಿದಿದೆ, ಕುದುರೆ ದಾಟುತ್ತದೆ. ಜೀನು ಬಿಗಿಯುವಷ್ಟರಲ್ಲಿ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ಒಂದು ಕೆಲಸ ಉಳಿದಿತ್ತು, ಅದನ್ನೂ ಮುಗಿಸಿದೆ. ಮಹಮೂದಾಳನ್ನು ಗೋಡೆಯ ಹತ್ತಿರ ಕರೆದು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ಮೂರ್ ವಾರ ಆಯ್ತು ಬಾಯೀ" ಎಂದಳು. "ಮೂರ್ ವಾರ ನನ್ನ ಜೊತಿ ನಿಂತು ಅತ್ತೀರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಬಾಗಿಲು ಹಗಲು ಹಾಕಿದ್ದನ್ನು ನಾನು ನೋಡಿರಲಿಲ್ಲ.

ನಿಮ್ಮ ಕಣ್ಣಿನ ಮಾತು ಮನೆಯಲ್ಲಿ ಹೇಳಿ. ತಪ್ಪನ್ನು ತಾವೇ ಹೋಗಿ ಒಪ್ಪಿದಿರಿ. ನಾನು ನಿಮಗೆ ಸಿಟ್ಟಾಗಿಲ್ಲ. ಸಿಟ್ಟಾಗಬೇಕಾದವನು ಒಳಗಿದ್ದಾನೆ, ಅವನ ಮುಂದೆ ನಾವಿಬ್ಬರೂ ನಿಲ್ಲಬೇಕು.

ಪೇಶಿಯಲ್ಲಿ ಏನಾಯಿತೆಂದು ಕೂಡಲೇ ಬರೆಯಿರಿ. ಉತ್ತರವನ್ನು ಟಪಾಲಿಗೆ ಹಾಕಬೇಡಿ. ಯಜಮಾನರ ಕೈಗೂ ಕೊಡಬೇಡಿ, ಅವರನ್ನು ಅಲ್ಲಿ ಎಷ್ಟು ದಿನ ನಿಲ್ಲಿಸಿಕೊಳ್ಳುತ್ತಾರೋ ತಿಳಿಯದು. ಗಫೂರನನ್ನು ಬಿಟ್ಟರೆ ಕಚೇರಿಯ ಬಾಗಿಲಲ್ಲೇ ಅವನ ಕೈಗೆ ಕೊಡಿ. ಅವನೇ ತರಲಿ. ಅವಸರ ಮಾಡಬೇಡ ಎಂದು ಹೇಳಿ. ಮೊದಲು ತನ್ನ ಮನೆಗೆ ಹೋಗಿ, ಉಂಡು, ಮಲಗಿ ಏಳಲಿ. ಆಮೇಲೆ ಮನಸ್ಸಿದ್ದರೆ ಗೋಡೆಯ ಮೇಲಿನಿಂದ ನನ್ನ ಕಡೆ ಚಾಚಲಿ. ನಾನು ಈಚೆ ನಿಂತಿರುತ್ತೇನೆ.

ಅನುಸೂಯಾಬಾಯಿ